ಗಾಳಿ ಹಿಡಿದವಳು

ನವೆಂಬರ್ ೪

ಇವತ್ತು ಅವನನ್ನು ನೋಡಿದೆ.

ಎರಡು ವರ್ಷದಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮುಖವೇ ಬೇರೆ. ದಪ್ಪ ಮೀಸೆ, ಕೆಂಪು ಕಣ್ಣು, ನೋಡಿದ ಕೂಡಲೇ ಇವನೇ ಪಾಪಿ ಎಂದು ಗುರುತು ಹಿಡಿಯುವಂಥ ಮುಖ. ಎದುರಿಗೆ ಬಂದು ನಿಂತವನು ಬಡಕಲು ಮನುಷ್ಯ. ಐವತ್ತರ ಆಸುಪಾಸು, ಹಂಚಿನಂಥ ಮೈಬಣ್ಣ, ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ನೀರಿಗಿಳಿಯುವ ಡೈವರುಗಳ ಮೇಸ್ತ್ರಿ. ಕಂಪ್ರೆಸರ್ ಗೊತ್ತಾ ಅಕ್ಕಾ ಎಂದು ಕೇಳಿದ. ಐಸ್ ಫ್ಯಾಕ್ಟರಿಯಲ್ಲಿ ಅದನ್ನೇ ನೋಡಿಕೊಂಡಿದ್ದವಳು ಎಂದೆ. ಹಾಗಾದರೆ ಸಾಕು ಎಂದ. ಯಾರ ಮಗಳು, ಯಾರ ಅಕ್ಕ ಎಂದು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳಲು ಸಿದ್ಧಳಾಗಿಯೇ ಹೋಗಿದ್ದೆ.

ನನ್ನ ತಮ್ಮ ಇವನ ಕೈಕೆಳಗೆ ಡೈವರ್ ಆಗಿದ್ದ. ಕಲ್ಲಿದ್ದಲು ಇಳಿಸುವ ಕಟ್ಟೆಯ ಅಡಿಯಲ್ಲಿ ತುಕ್ಕು ಹಿಡಿದ ಕಂಬ ಕೆರೆಯುತ್ತಿದ್ದಾಗ ಗಾಳಿಯ ಪೈಪು ಕಂಬಕ್ಕೂ ತೇಲುವ ದಿಮ್ಮಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಯಿತು. ಆ ಹೊತ್ತಿಗೆ ಅವನ ಹಗ್ಗ ಇರಬೇಕಾಗಿದ್ದದ್ದು ಈ ಮೇಸ್ತ್ರಿಯ ಕೈಯಲ್ಲಿ. ವಿಚಾರಣೆಯಲ್ಲಿ ಇವನು ಎದ್ದು ನಿಂತು, ಹುಡುಗ ಕುಡಿದಿದ್ದ, ಯಾರಿಗೂ ಹೇಳದೆ ತಾನೇ ಇಳಿದ ಎಂದ. ಗುತ್ತಿಗೆದಾರ ಹೌದು ಎಂದ. ಅಲ್ಲಿಗೆ ಮುಗಿಯಿತು. ನಾನು ಆಗ ಬೇರೆ ಊರಿನಲ್ಲಿದ್ದೆ. ಬರುವಷ್ಟರಲ್ಲಿ ತಮ್ಮನ ಹೆಣವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ.

ಕೆಮ್ಮಿನ ಔಷಧದ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗ ಅವನು. ಕುಡಿದನಂತೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇವನಿಗೆ ಕುಡಿಸಲೆಂದೇ ಬಂದಿದ್ದೇನೆ. ಕಡಲಂತೂ ಪಕ್ಕದಲ್ಲೇ ಇದೆ.

ನವೆಂಬರ್ ೭

ಕೆಲಸ ಏನೆಂದು ಇಂದು ಸರಿಯಾಗಿ ತಿಳಿಯಿತು. ಇದು ಜನ ಓಡಾಡುವ ದೋಣಿಕಟ್ಟೆ. ಬೆಳಿಗ್ಗೆ ಆಚೆ ದಡದಿಂದ ಶಾಲೆಯ ಮಕ್ಕಳು, ನರ್ಸುಗಳು, ಮೀನುಬುಟ್ಟಿಯವರು ಇಳಿಯುತ್ತಾರೆ, ಸಂಜೆ ಅದೇ ಜನ ಹತ್ತುತ್ತಾರೆ. ಅವರ ಕಾಲಡಿಯ ಕಾಂಕ್ರೀಟು ಗಟ್ಟಿಯಾಗಿಯೇ ಇದೆ. ಅದನ್ನು ಹೊತ್ತು ನಿಂತ ಉಕ್ಕಿನ ಕಂಬಗಳು ಮಾತ್ರ ತುಕ್ಕು ತಿಂದು ಸೊರಗಿವೆ. ಅರ್ಧ ಕಟ್ಟೆಗೆ ಅಡ್ಡ ಹಗ್ಗ ಕಟ್ಟಿ ಜನರನ್ನು ಬಿಡುತ್ತಿಲ್ಲ.

ಇಳಿತದ ಹೊತ್ತಿಗೆ ಮೇಸ್ತ್ರಿ ನನ್ನನ್ನು ತೆಪ್ಪದಲ್ಲಿ ಕೂರಿಸಿಕೊಂಡು ಕಟ್ಟೆಯ ಅಡಿಗೆ ಕರೆದೊಯ್ದ. ನೀರಿನ ಆಳದಲ್ಲಿ ಉಕ್ಕು ಅಷ್ಟು ಬೇಗ ಹಾಳಾಗುವುದಿಲ್ಲವಂತೆ. ಉಬ್ಬರ ಇಳಿತದ ನಡುವೆ, ಒಮ್ಮೆ ನೆನೆದು ಒಮ್ಮೆ ಒಣಗುವ ಪಟ್ಟಿ ಇದೆಯಲ್ಲ, ತುಕ್ಕು ತಿನ್ನುವುದು ಅಲ್ಲೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಅಂಗೈಯಗಲದ ಹಕ್ಕಳೆ ಕಳಚಿ ನೀರಿಗೆ ಬಿತ್ತು.

"ತುಕ್ಕು ಊದ್ಕೊಳ್ಳುತ್ತೆ ಅಕ್ಕಾ. ನೋಡೋಕೆ ಕಂಬ ದಪ್ಪ ಕಾಣುತ್ತೆ. ನಂಬಬಾರದು," ಎಂದ.

ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡು ಎಂದುಕೊಂಡೆ.

ಮೊದಲು ಕಂಬಕ್ಕೆ ಅಂಟಿ ಬೆಳೆದ ಚಿಪ್ಪನ್ನೆಲ್ಲ ಕೆರೆಯಬೇಕು. ಆಮೇಲೆ ಉಕ್ಕು ಹೊಳೆಯುವವರೆಗೆ ಉಜ್ಜಿ, ಎಷ್ಟು ದಪ್ಪ ಉಳಿದಿದೆ ಎಂದು ಮೀಟರು ಹಿಡಿದು ನೋಡಬೇಕು. ತೀರಾ ತೆಳ್ಳಗಾದ ಕಡೆ ತಟ್ಟೆ ಬೆಸೆಯುತ್ತಾರೆ. ಅದರ ಮೇಲೆ ಗ್ರೀಸ್ ಮೆತ್ತಿದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಗಟ್ಟಿ ಪ್ಲಾಸ್ಟಿಕ್ಕಿನ ಕವಚ ತೊಡಿಸಿ ಬೋಲ್ಟು ಬಿಗಿಯುತ್ತಾರೆ. ಆಮೇಲೆ ಉಕ್ಕನ್ನು ನೀರೂ ಮುಟ್ಟಬಾರದು, ಗಾಳಿಯೂ ಮುಟ್ಟಬಾರದು.

ನನ್ನ ಪಾಲಿಗೆ ಬಂದಿರುವ ಕೆಲಸ ಇದು: ಕೆಳಗಿಳಿದವನ ಗಾಳಿಯ ವಾಲ್ವು ನನ್ನ ಬಲಗೈಗೆ, ಅವನ ಸೊಂಟದ ಹಗ್ಗ ಎಡಗೈಗೆ, ಅವನ ಮಾತು ಕೇಳಿ ಉತ್ತರ ಹೇಳುವ ಸ್ಪೀಕರ್ ಪೆಟ್ಟಿಗೆ ಮೊಣಕಾಲ ಮುಂದೆ. ಹೆಚ್ಚಾಗಿ ಇಳಿಯುವವನು ಅವನೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ನವೆಂಬರ್ ೧೨

ಮೊದಲ ಸಲ ಅವನನ್ನು ಇಳಿಸಿದೆ. ಹೆಲ್ಮೆಟ್ಟು ನೀರೊಳಗೆ ಹೋದ ಮೇಲೆ ಕಾಣುವುದು ಗುಳ್ಳೆಗಳು ಮಾತ್ರ. ಕೇಳಿಸುವುದು ಮಾತ್ರ ಎಲ್ಲವೂ. ಪೆಟ್ಟಿಗೆಯಲ್ಲಿ ಅವನ ಉಸಿರು ನನ್ನ ಪಕ್ಕದಲ್ಲೇ ಮಲಗಿದವನ ಉಸಿರಿನಷ್ಟು ಹತ್ತಿರ. ಎಳೆದುಕೊಂಡು ಒಂದು ಗಳಿಗೆ ಹಿಡಿದಿಟ್ಟು ಬಿಡುತ್ತಾನೆ, ಬಿಸಿ ಪಾತ್ರೆ ಇಳಿಸುವವರ ಹಾಗೆ. ಬೋಲ್ಟು ಬಿಗಿಯುವಾಗ ಮೂಗಿನಲ್ಲಿ ಏನೋ ರಾಗ ಎಳೆಯುತ್ತಾನೆ. ಎಷ್ಟು ನೆಮ್ಮದಿ ನೋಡು.

ವಾಲ್ವಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಒಂದು ಸುತ್ತು. ಅಷ್ಟೇ ಸಾಕು. ಆದರೆ ಇಂದು ಬೇಡ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂದು ತಿಳಿಯದೆ ಸತ್ತರೆ ಅದು ಶಿಕ್ಷೆಯಲ್ಲ, ಬರೀ ಸಾವು.

ನವೆಂಬರ್ ೧೩

ಅಲೆ ಜೋರು. ಕೆಲಸವಿಲ್ಲ. ಹಲ್ಲು ಕಡಿಯುತ್ತ ಮನೆಯಲ್ಲಿ ಕೂತೆ.

ನವೆಂಬರ್ ೧೮

ಅಮ್ಮ ಅಂಗಿಗಳಿಗೆ ಗುಂಡಿ ಹೊಲಿದು ಕೊಡುವ ಕೆಲಸ ಮಾಡುತ್ತಾಳೆ. ಇಂದು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ತಮ್ಮನ ಮಾತು ತೆಗೆಯಬಾರದು ಎಂದುಕೊಂಡಿದ್ದೆ, ಬಾಯಿ ಕೇಳಲಿಲ್ಲ. ಅವನು ಕುಡಿಯುವವನಲ್ಲ ಎಂದು ನಿನಗೂ ಗೊತ್ತಲ್ಲವೇ ಎಂದೆ.

"ನಿನಗೇನು ಗೊತ್ತು. ನೀನು ಇಲ್ಲಿದ್ಯಾ ನೋಡೋಕೆ?" ಎಂದಳು. "ನೂರು ಜನರ ಮುಂದೆ ಆ ಮೇಸ್ತ್ರಿ ಹೇಳಿದ. ಹೇಳ್ವಾಗ ಅವನ ಕಣ್ಣಲ್ಲೂ ನೀರಿತ್ತು. ಕುಡಿದು ಸತ್ತವನಿಗೆ ಅಳೋಕೆ ನನ್ನ ಹತ್ರ ಕಣ್ಣೀರಿಲ್ಲ ಕಣೇ."

ಅಮ್ಮ ಅತ್ತಿದ್ದನ್ನು ನಾನು ನೋಡೇ ಇಲ್ಲ. ಮಗ ಸತ್ತ ದಿನವೂ ಅಳಲಿಲ್ಲವಂತೆ. ಬೈದಳಂತೆ. ಈಗಲೂ ಅನ್ನ ಸೀದರೆ ಅವನನ್ನೇ ಬೈಯುತ್ತಾಳೆ, ನಲ್ಲಿ ಸೋರಿದರೂ ಅವನನ್ನೇ. ಆ ಮೇಸ್ತ್ರಿ ನನ್ನ ತಮ್ಮನನ್ನು ಮಾತ್ರ ಕೊಲ್ಲಲಿಲ್ಲ. ಅಮ್ಮನ ಎದೆಯೊಳಗೆ ಇದ್ದ ಮಗನನ್ನೂ ಕೊಂದ. ಲೆಕ್ಕ ಎರಡಾಯಿತು.

ನಾನು ಒಬ್ಬಳೇ ಏನೋ ಗೊಣಗುತ್ತಿದ್ದೆ ಎಂದು ಅಮ್ಮ ಕತ್ತೆತ್ತಿ ನೋಡಿ, ಕಡಲ ಹತ್ತಿರ ಹೋಗಿ ಹೋಗಿ ನಿನಗೆ ಗಾಳಿ ಹಿಡಿದಿದೆ ಎಂದಳು. ಹಿಡಿದಿರುವುದು ನಾನು ಎಂದು ಅವಳಿಗೆ ಹೇಗೆ ಹೇಳಲಿ?

ನವೆಂಬರ್ ೨೨

ಕವಚ ತೊಡಿಸಲಾಗದ ಆಳದ ಭಾಗಕ್ಕೆ ಸತುವಿನ ದಪ್ಪ ಗಟ್ಟಿಗಳನ್ನು ಬೆಸೆಯುತ್ತಿದ್ದಾರೆ. ಉಪ್ಪುನೀರು ಉಕ್ಕನ್ನು ಬಿಟ್ಟು ಮೊದಲು ಸತುವನ್ನು ತಿನ್ನುತ್ತದಂತೆ. ಗಟ್ಟಿ ಕರಗಿ ಮುಗಿಯುವವರೆಗೆ ಕಂಬ ಬದುಕಿರುತ್ತದೆ. ಕುಳ್ಳ, ಅಂದರೆ ನಮ್ಮ ಎರಡನೇ ಡೈವರ್, ಬಾಯಿ ಸುಮ್ಮನಿರುವುದಿಲ್ಲ ಅವನದು, ತಾನೂ ಮದುವೆಯಾದಾಗಿನಿಂದ ಹೀಗೇ ಕರಗುತ್ತಿದ್ದೇನೆ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ.

ನಗುತ್ತ ನಗುತ್ತಲೇ ಹೊಳೆಯಿತು, ನನ್ನ ತಮ್ಮನನ್ನೂ ಇವರು ಹೀಗೇ ಮಾಡಿದ್ದು. ಅವನು ಕರಗಿದ, ಕಂಪನಿ ನಿಂತಿತು.

ಮೇಸ್ತ್ರಿ ಹಳೆಯ ಗಟ್ಟಿಯೊಂದನ್ನು ತಂದು ನನ್ನ ಕೈಗಿಟ್ಟರು. ತೂತು ತೂತಾಗಿ, ಎತ್ತಿದರೆ ಭಾರವೇ ಇಲ್ಲ. ಇದನ್ನು ಬದಲಾಯಿಸಬೇಕಿತ್ತು, ಯಾರೂ ನೋಡಲಿಲ್ಲ ಎಂದರು. ನಾನು ಅದನ್ನು ಕೆಳಗಿಟ್ಟು ಕೈ ಒರೆಸಿಕೊಂಡೆ.

ನವೆಂಬರ್ ೨೭

ಇಂದು ಕೈತಪ್ಪಿ ಹೋಗುತ್ತಿತ್ತು.

ಮಧ್ಯಾಹ್ನ ಮೇಸ್ತ್ರಿ ನೀರಿನಡಿ ಇದ್ದಾಗ ದೊಡ್ಡ ಹಡಗೊಂದು ದೂರದಲ್ಲಿ ಹಾದುಹೋಯಿತು. ಅದರ ಅಲೆ ಬಂದು ಕಟ್ಟೆಗೆ ಬಡಿಯಿತು. ಪೆಟ್ಟಿಗೆಯಲ್ಲಿ ರಾಗ ನಿಂತಿತು. ಅವರು ಮಾತಾಡಲಿಲ್ಲ, ಹಗ್ಗ ಜಗ್ಗಲೂ ಇಲ್ಲ. ಉಸಿರು ಮಾತ್ರ ಬದಲಾಯಿತು, ನಡುವೆ ಹಿಡಿದಿಡುವ ಗಳಿಗೆ ಮಾಯವಾಯಿತು. ಕುಳ್ಳ ಏನಾಯಿತು ಎಂದು ಕೇಳುವ ಮೊದಲೇ ನಾನು ಎದ್ದು ಹಗ್ಗವನ್ನು ಎಡಕ್ಕೆ ಎಳೆದು, ಸಡಿಲ ಬಿಟ್ಟು, ಮತ್ತೆ ಎಳೆದಿದ್ದೆ. ಪೈಪು ಹಳೆಯ ಬೋಲ್ಟೊಂದಕ್ಕೆ ಸಿಕ್ಕಿಕೊಂಡಿತ್ತಂತೆ, ಬಿಡಿಸಿಕೊಂಡಿತು. ಮೇಲೆ ಬಂದಾಗ ಅವರ ಹಣೆಯಲ್ಲಿ ರಕ್ತ.

"ಹೇಳದೇನೇ ಹೇಗೆ ಗೊತ್ತಾಯ್ತು ಅಕ್ಕಾ?" ಎಂದು ಕೇಳಿದರು.

ಉಸಿರು ಕೇಳಿಸಿತು ಎಂದೆ.

ಅಂಗೈ ಸುಲಿದಿದೆ. ಒಂದು ಮಾತು ಸ್ಪಷ್ಟವಾಗಿ ಬರೆದಿಡುತ್ತೇನೆ: ಇದು ಕರುಣೆಯಲ್ಲ. ಅಲೆಗೆ ಅವನನ್ನು ಕೊಟ್ಟುಬಿಡಲು ನನಗೆ ಮನಸ್ಸಿರಲಿಲ್ಲ. ನನ್ನ ಬಾಕಿಯನ್ನು ಕಡಲು ಯಾಕೆ ವಸೂಲಿ ಮಾಡಬೇಕು?

ಡಿಸೆಂಬರ್ ೧

ಮನೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಲು ಶುರು ಮಾಡಿದ್ದೇನೆ. ನೀರಿನಿಂದ ಮೇಲೆ ಬಂದಾಗ ಅವರ ದವಡೆ ಕಟಕಟ ಎನ್ನುತ್ತಿರುತ್ತದೆ. ನೀರಿನ ಒತ್ತಡಕ್ಕೆ ಎಡಗಿವಿ ಹೋಗಿದೆಯಂತೆ, ಬಲಗಡೆ ನಿಂತು ಕರೆದರಷ್ಟೇ ತಿರುಗುತ್ತಾರೆ. ನಂಬಿಕೆ ಹುಟ್ಟಿಸಲು ಇಷ್ಟಾದರೂ ಮಾಡಬೇಕು.

ಕಡಲಿನ ಕಡೆಯ ಕೊನೆಯ ಸಾಲು ಬಿಟ್ಟರೆ ನಮ್ಮ ಕಂಬಗಳೆಲ್ಲ ಮುಗಿಯುತ್ತ ಬಂದವು. ಕರಿಯ ಕವಚ ತೊಟ್ಟು ಸಾಲಾಗಿ ನಿಂತಿರುವುದನ್ನು ನೋಡಲು ಚೆಂದ.

ಡಿಸೆಂಬರ್ ೪

ಬುದ್ಧಿ ಬಂತು. ಒಳ್ಳೆಯದೇ ಆಯಿತು.

ಎಂಜಿನಿಯರ್ ಮೇಡಂ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸುರಕ್ಷತೆಯ ಮಾತು ಹೇಳಿದರು. ಈಗ ಪ್ರತಿಯೊಬ್ಬ ಡೈವರನ ಬೆನ್ನಿಗೂ ಚಿಕ್ಕ ಸಿಲಿಂಡರ್ ಇರಲೇಬೇಕು, ಮೇಲಿನ ಗಾಳಿ ನಿಂತರೆ ಅದನ್ನು ತಿರುಗಿಸಿಕೊಳ್ಳಬಹುದು. ಈ ನಿಯಮ ಬಂದದ್ದು ಹಿಂದೆ ಒಬ್ಬ ಸತ್ತ ಮೇಲೆ ಎಂದರು. ಗುತ್ತಿಗೆದಾರ ಅಲ್ಲೇ ಇದ್ದ. ಅದನ್ನು ಮೇಸ್ತ್ರಿಯೇ ಹೇಳಲಿ, ಅವನ ಕಣ್ಣಮುಂದೆ ಆದದ್ದು ಎಂದ.

ಅವನು ಮುಂದೆ ಬಂದು ನಿಂತ. ನೆಲ ನೋಡುತ್ತ ಹೇಳಿದ. "ಒಬ್ಬ ಹುಡುಗ ಇದ್ದ. ಕೆಲಸಗಾರ. ಅವತ್ತು ಕುಡಿದಿದ್ದ. ಹೇಳ್ದೆ ಕೇಳ್ದೆ ಇಳಿದ."

ತಡವರಿಸಲಿಲ್ಲ. ಕಂಠಪಾಠ ಒಪ್ಪಿಸಿದ ಹಾಗೆ. ನಾನು ಅವನಿಂದ ಎರಡು ಮಾರು ದೂರದಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದೆ. ಕುಳ್ಳ ತಲೆಯಲ್ಲಾಡಿಸಿ, ಕುಡುಕ ನನ್ಮಗ, ತಾನೂ ಸತ್ತು ಉಳಿದವರ ಹೊಟ್ಟೆಗೂ ಕಲ್ಲು ಹಾಕ್ತಿದ್ದ ಎಂದ.

ನನ್ನ ತಮ್ಮನನ್ನು ಇನ್ನೆಷ್ಟು ಸಲ ಸಾಯಿಸುತ್ತಾರೆ ಇವರು?

ಬಿಸಿನೀರನ್ನು ಕಡಲಿಗೆ ಚೆಲ್ಲಿದೆ. ನಾಳೆ ಬೆಳಿಗ್ಗೆ ಇಳಿತ. ಇಳಿಯುವವನು ಅವನೇ.

ಡಿಸೆಂಬರ್ ೫

ಇವತ್ತೇ ಬರೆಯಬೇಕು, ಇಲ್ಲದಿದ್ದರೆ ನಾಳೆ ನನಗೆ ನಾನೇ ಬೇರೆ ಕತೆ ಹೇಳಿಕೊಂಡೇನು.

ಕೊನೆಯ ಸಾಲಿನ ಕಂಬಕ್ಕೆ ಕವಚ ತೊಡಿಸಲು ಅವನು ಇಳಿದ. ಗ್ರೀಸ್ ಪಟ್ಟಿ ಸಾಲದೆಂದು ಕುಳ್ಳ ಉಗ್ರಾಣಕ್ಕೆ ಹೋದ. ಕಟ್ಟೆಯ ಆ ತುದಿಯಲ್ಲಿ ನಾನೊಬ್ಬಳೇ. ಪೆಟ್ಟಿಗೆಯಲ್ಲಿ ಉಸಿರು ಬರುತ್ತಿತ್ತು. ಆಮೇಲೆ ಆ ಮೂಗಿನ ರಾಗ ಶುರುವಾಯಿತು.

ವಾಲ್ವು ತಿರುಗಿಸಿದೆ. ಪೂರ್ತಿಯಲ್ಲ, ಆದರೆ ಸಾಕಷ್ಟು. ಮೀಟರಿನ ಮುಳ್ಳು ಇಳಿಯಿತು.

ಮೊದಲು ರಾಗ ನಿಂತಿತು. ಉಸಿರು ಉದ್ದವಾಯಿತು, ಆಮೇಲೆ ಗಿಡ್ಡವಾಯಿತು, ಒಣಗಿದ ಬಾವಿಯಿಂದ ನೀರೆಳೆಯುವ ಹಾಗೆ.

"ಅಕ್ಕಾ, ಗಾಳಿ ಕಮ್ಮಿ ಬರ್ತಿದೆ. ಸ್ವಲ್ಪ ನೋಡಿ."

"ನೋಡ್ತಿದ್ದೀನಿ," ಎಂದೆ.

ನಿಜವಾಗಿಯೂ ನೋಡುತ್ತಿದ್ದೆ. ಗುಳ್ಳೆಗಳು ಕಮ್ಮಿಯಾದವು. ಬಿಸಿಲು ನೀರಿನ ಮೇಲೆ ಎಂದಿನಂತೆ ಕುಣಿಯುತ್ತಿತ್ತು. ಆಚೆ ಮಗ್ಗುಲಲ್ಲಿ ದೋಣಿ ಬಂದು ನಿಂತು, ಶಾಲೆಯ ಮಕ್ಕಳು ಗಲಾಟೆ ಮಾಡುತ್ತ ಇಳಿಯುತ್ತಿದ್ದರು. ಎರಡು ವರ್ಷ ಬಾಯಲ್ಲಿ ಮಸೆದಿಟ್ಟುಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಬಂದದ್ದು ಇಷ್ಟೇ:

"ಮೇಸ್ತ್ರಿ, ಕಲ್ಲಿದ್ದಲು ಕಟ್ಟೆ ಕೆಳಗೆ ಸತ್ತವನು ನನ್ನ ತಮ್ಮ. ಅವನು ಕುಡಿದಿದ್ನಾ?"

ಅವನು ಉಸಿರನ್ನೇ ಹಿಡಿದುಬಿಟ್ಟ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆಮೇಲೆ ಒಂದು ದೊಡ್ಡ ನಿಟ್ಟುಸಿರು, ಮತ್ತೆ ಮಾತು.

"ಇಲ್ಲ ಅಕ್ಕಾ. ಕುಡಿದಿರ್ಲಿಲ್ಲ."

"ಹಗ್ಗ ಯಾರ ಕೈಲಿತ್ತು?"

"ಕಂಬಿಗೆ ಕಟ್ಟಿದ್ದೆ. ಸಿಗರೇಟ್ ಸೇದೋಕೆ ಗೇಟಿನ ಆಚೆ ಹೋಗಿದ್ದೆ."

ಸಿಗರೇಟ್. ನಾನು ಏನೇನೋ ಊಹಿಸಿದ್ದೆ. ಹಗೆ, ಮತ್ಸರ, ಯಾರದೋ ಪಿತೂರಿ. ಒಂದು ಸಿಗರೇಟು ಉರಿದು ಮುಗಿಯುವಷ್ಟು ಹೊತ್ತಿನಲ್ಲಿ ನನ್ನ ತಮ್ಮ ಹೋದ.

ವಾಲ್ವನ್ನು ಪೂರ್ತಿ ಮುಚ್ಚಿಬಿಡಬೇಕು ಎಂದು ಅತ್ತ ತಿರುಗಿದೆ. ಆಗ ಮೀಟರು ನೋಡಿದೆ. ಮುಳ್ಳು ತನ್ನ ಜಾಗಕ್ಕೆ ಮರಳಿತ್ತು. ವಾಲ್ವು ಪೂರ್ತಿ ತೆರೆದಿತ್ತು. ನನ್ನ ಬಲಗೈ ಅದರ ಮೇಲೇ ಇತ್ತು. ಅವನು ಉಸಿರು ಹಿಡಿದಿದ್ದಾಗಲೇ ತಿರುಗಿಸಿರಬೇಕು, ನನ್ನನ್ನು ಕೇಳದೆ. ಹಾಗಾದರೆ ಅವನು ಹೇಳಿದ ಒಂದೊಂದು ಮಾತನ್ನೂ ತುಂಬು ಗಾಳಿಯಲ್ಲಿ ಹೇಳಿದ್ದ.

ಸ್ವಲ್ಪ ಹೊತ್ತಾದ ಮೇಲೆ ಪೆಟ್ಟಿಗೆಯಲ್ಲಿ ಮತ್ತೆ ಧ್ವನಿ ಬಂತು. ಎರಡು ಬೋಲ್ಟು ಬಾಕಿ ಇದೆ, ಬಿಗಿದು ಬರಲೋ ಹಾಗೇ ಬರಲೋ ಎಂದು ಕೇಳಿದ.

"ಬಿಗಿದು ಬನ್ನಿ," ಎಂದೆ. ಬೇರೇನು ಹೇಳಲಿ.

ಡಿಸೆಂಬರ್ ೬

ಹೋಗಲಿಲ್ಲ. ಮಲಗಿಯೇ ಇದ್ದೆ. ಅಮ್ಮ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ ಎಂದಳು. ಗೊತ್ತು ಎಂದೆ.

ಡಿಸೆಂಬರ್ ೮

ಮೇಸ್ತ್ರಿ ಕಂಪ್ರೆಸರಿನ ಹತ್ತಿರ ಕಾಯುತ್ತ ಕೂತಿದ್ದ. ಯಾರಿಗೂ ಹೇಳಿರಲಿಲ್ಲ. ಗುಳ್ಳೆ ಕಮ್ಮಿಯಾದದ್ದನ್ನು ದೂರದಿಂದ ನೋಡಿದ್ದ ಕುಳ್ಳ, ಗಾಳಿಗೆ ಏನಾಯಿತು ಎಂದು ಕೇಳಿದಾಗ ಫಿಲ್ಟರಿಗೆ ಕಸ ಸಿಕ್ಕಿತ್ತು ಎಂದನಂತೆ. ಮತ್ತೊಂದು ಸುಳ್ಳು. ಈ ಸಲ ನನ್ನ ಪರವಾಗಿ.

ವಾಲ್ವು ತಿರುಗಿಸಿದ್ದು ನಾನೇ ಎಂದೆ. ಗೊತ್ತು, ಹೆಲ್ಮೆಟ್ಟಿನಲ್ಲಿ ಕೇಳಿಸುತ್ತಿದ್ದ ಕಂಪ್ರೆಸರ್ ಸದ್ದು ಬದಲಾಗಿರಲಿಲ್ಲ ಎಂದ. ಬೆನ್ನ ಮೇಲೆ ಸಿಲಿಂಡರ್ ಇತ್ತಲ್ಲ, ಯಾಕೆ ತಿರುಗಿಸಿಕೊಳ್ಳಲಿಲ್ಲ ಎಂದು ಕೇಳಿದೆ. ಕೈ ಅಲ್ಲಿವರೆಗೆ ಹೋಯಿತು, ತಿರುಗಿಸಲಿಲ್ಲ ಎಂದ. ಯಾಕೆಂದು ಹೇಳಲಿಲ್ಲ. ನಾನೂ ಕೆದಕಲಿಲ್ಲ. ಅದನ್ನು ಕೇಳಿ ನನ್ನ ಸಿಟ್ಟು ಸಡಿಲವಾಗುವುದು ನನಗೆ ಬೇಕಿರಲಿಲ್ಲ.

ಅವತ್ತು ವಿಚಾರಣೆಯಲ್ಲಿ ಸುಳ್ಳು ಯಾಕೆ ಹೇಳಿದೆ ಎಂದೆ. ಜೈಲಿನ ಹೆದರಿಕೆ ಇತ್ತಂತೆ. ಹೋದವನು ಬರುವುದಿಲ್ಲ, ಇರುವವರ ಹೊಟ್ಟೆ ನೋಡು ಎಂದು ಗುತ್ತಿಗೆದಾರ ಹೇಳಿದನಂತೆ.

"ಮೊದಲನೇ ಸಲ ಹೇಳೋದು ಕಷ್ಟ ಆಯ್ತು. ಆಮೇಲೆ ಯಾರಾದ್ರೂ ಕೇಳಿದ್ರೆ ತಾನಾಗೇ ಬಾಯಿಗೆ ಬರ್ತಿತ್ತು," ಎಂದ.

ನನ್ನ ತೀರ್ಪು ಹೇಳಿದೆ. ಅವನ ಪ್ರಾಣ ನನಗೆ ಬೇಡ, ಅಷ್ಟು ಅಗ್ಗಕ್ಕೆ ಬಿಡುವುದಿಲ್ಲ. ನಮ್ಮ ಮನೆಗೆ ಬಂದು ಅಮ್ಮನ ಮುಂದೆ ಹೇಳಬೇಕು. ಅವಳ ಮುಖ ನೋಡುತ್ತ ಹೇಳಬೇಕು. ಸರಿ ಎಂದು ತಲೆ ಆಡಿಸಿದ.

ಕುಳ್ಳನಿಗೆ ಇನ್ನು ಹಗ್ಗ, ಗಾಳಿ ಎರಡೂ ನೀನೇ ನೋಡಿಕೋ ಎಂದೆ. ನಾನು ಪಟ್ಟಿಗೆ ಗ್ರೀಸ್ ಹಚ್ಚಿಕೊಡುತ್ತೇನೆ. ಯಾಕೆ ಅಕ್ಕಾ, ನನ್ನ ಮೇಲೆ ಕೋಪವಾ ಎಂದ. ಕೈ ನೋವು ಎಂದೆ.

ಡಿಸೆಂಬರ್ ೧೧

ಬಂದ. ಒಗೆದ ಅಂಗಿ ಹಾಕಿಕೊಂಡು, ಹೊಸ್ತಿಲ ಆಚೆಯೇ ನಿಂತ. ಅಮ್ಮ ಗುರುತು ಹಿಡಿದಳು. ಒಳಗೆ ಬಾರಪ್ಪ, ನೀನಾದರೂ ನಮ್ಮ ನೆನಪಿಟ್ಟಿದ್ದೀಯಲ್ಲ ಎಂದು ಕುರ್ಚಿಯ ಮೇಲಿದ್ದ ಅಂಗಿಗಳ ರಾಶಿಯನ್ನು ಎತ್ತಿಟ್ಟಳು. ಅವನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಹಗ್ಗ ಕಟ್ಟಿದ್ದು, ಸಿಗರೇಟು, ತಿರುಗಿ ಬಂದಾಗ ಹಗ್ಗ ಸುಮ್ಮನಿದ್ದದ್ದು, ಕುಡಿದಿದ್ದ ಎಂದದ್ದು. ನಾನು ಬಾಗಿಲ ಪಕ್ಕ ನಿಂತು ಅವನ ಮುಖವನ್ನೇ ನೋಡುತ್ತಿದ್ದೆ. ಈ ಗಳಿಗೆಗಾಗಿಯೇ ಕಾದಿದ್ದೆ. ಬೆವರು ಅವನ ಕಿವಿಯ ಪಕ್ಕ ಇಳಿಯುತ್ತಿತ್ತು.

ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಅವತ್ತು ನಾನು ನಿನ್ನ ಎದುರಿಗೇ ಕೂತಿದ್ದೆ. ನನ್ನ ಮುಖ ನೋಡ್ಕೊಂಡೇ ಹೇಳಿದ್ಯಲ್ಲಪ್ಪ."

"ಹೌದಮ್ಮಾ."

"ಎರಡು ವರ್ಷ ನಾನು ನನ್ನ ಮಗನ್ನ ಬೈದೆ. ಸತ್ತವನು ಎದುರು ಮಾತಾಡ್ತಾನಾ? ಬೈಸ್ಕೊಂಡ."

ಅವನು ಕುಸಿದು ಅವಳ ಕಾಲ ಬಳಿ ಕೂತ. ಅಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ನನ್ನ ಹತ್ರ ಹೇಳಿ ಹಗುರ ಆಗ್ಬೇಡ. ಎಲ್ಲಿ ನಿಂತು ಸುಳ್ಳು ಹೇಳಿದ್ಯೋ ಅಲ್ಲೇ ನಿಂತು ನಿಜ ಹೇಳು. ಹೋಗು."

ಹೋದ. ಅಮ್ಮ ಎದ್ದು ಅಡುಗೆಮನೆಗೆ ನಡೆದಳು. ಒಲೆ ಒರೆಸುವ ಬಟ್ಟೆಯನ್ನು ಎತ್ತಿಕೊಂಡಳು. ಅದು ತಮ್ಮನ ನೀಲಿ ಅಂಗಿ. ಸಿಟ್ಟಿನಲ್ಲಿ ಅವಳೇ ಹರಿದು ಹಾಗೆ ಮಾಡಿದ್ದಳಂತೆ. ಸೋಪು ಹಾಕಿ ಒಗೆಯತೊಡಗಿದಳು. ಜಿಡ್ಡು ಬಿಡಲಿಲ್ಲ. ಮತ್ತೆ ಸೋಪು ಹಾಕಿದಳು. ಮೂರನೆಯ ಸಲಕ್ಕೆ ನಲ್ಲಿ ಹರಿಯುತ್ತಿದ್ದಂತೆಯೇ ಬಟ್ಟೆಯನ್ನು ಮುಖಕ್ಕೊತ್ತಿಕೊಂಡು ನೆಲಕ್ಕೆ ಕೂತಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ನಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕೂತೆ.

ಡಿಸೆಂಬರ್ ೧೭

ಮೇಸ್ತ್ರಿ ನಡೆದದ್ದನ್ನೆಲ್ಲ ಬರೆದುಕೊಟ್ಟಿದ್ದಾರೆ. ವಿಚಾರಣೆ ಮತ್ತೆ ನಡೆಯುತ್ತದಂತೆ. ಗುತ್ತಿಗೆದಾರ ಆ ದಿನವೇ ಅವರನ್ನು ಕೆಲಸದಿಂದ ಕಿತ್ತುಹಾಕಿದ. ಕೊನೆಯ ಸಾಲಿನ ನಾಲ್ಕು ಕಂಬ ಹಾಗೇ ನಿಂತಿವೆ, ಉಜ್ಜಿದ ಉಕ್ಕು ಬರಿಮೈಯಲ್ಲಿ. ಉಜ್ಜಿದ ಮೇಲೆ ಬೇಗ ಸುತ್ತದಿದ್ದರೆ ಮೊದಲಿಗಿಂತ ಜೋರಾಗಿ ತುಕ್ಕು ಹಿಡಿಯುತ್ತದೆ. ಕುಳ್ಳನೊಬ್ಬನಿಂದ ಆಗುವ ಕೆಲಸವಲ್ಲ. ಸಂಗತಿ ತಿಳಿದ ಮೇಲೆ ಅವನು ನನ್ನ ಹತ್ತಿರ ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ. ನಿಮ್ಮ ತಮ್ಮನಿಗೆ ಕುಡುಕ ಅಂದೆ, ತಪ್ಪಾಯ್ತು ಎಂದ ಒಂದು ದಿನ. ಆಮೇಲೆ, ಮೇಸ್ತ್ರಿ ಇಲ್ಲದೆ ನೀರೊಳಗೆ ಹೆದರಿಕೆಯಾಗುತ್ತದೆ ಎಂದ.

ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕು. ಆಗಿದೆ. ಆಗಿದೆ ಎಂದು ಬರೆದಿಡುತ್ತಿದ್ದೇನೆ.

ಜನವರಿ ೯

ಮುಖ್ಯವಾದದ್ದನ್ನು ಮೊದಲು ಬರೆಯುತ್ತೇನೆ. ಕುಡಿದಿದ್ದ ಎಂಬ ಮಾತನ್ನು ತೆಗೆದುಹಾಕಿದರು. ಗೇಟಿನ ಕಾವಲುಗಾರನೂ ಬಂದು, ಆ ಹೊತ್ತಿಗೆ ಮೇಸ್ತ್ರಿ ತನ್ನ ಹತ್ತಿರವೇ ಬೆಂಕಿಪೊಟ್ಟಣ ಕೇಳಿದ್ದು ನಿಜ ಎಂದ. ಗುತ್ತಿಗೆದಾರನ ಮೇಲೆ ಕೇಸಾಗುತ್ತದೆ. ಮೇಸ್ತ್ರಿಯ ಮೇಲೂ ಆಗುತ್ತದೆ, ಇನ್ನು ಅವರು ನೀರಿಗಿಳಿಯುವಂತಿಲ್ಲ. ಅಮ್ಮ ಮನೆಗೆ ಬಂದವಳೇ ಮಗನ ಹೆಸರು ಹಿಡಿದು ಕರೆದು, ಕೇಳಿಸ್ಕೊಂಡ್ಯೇನೋ ಎಂದಳು. ನನ್ನನ್ನೂ ಮುಂದಿನ ವಾರ ಕರೆದಿದ್ದಾರೆ. ಯಾಕೆಂದು ಕೊನೆಗೆ ಬರೆಯುತ್ತೇನೆ.

ಮೇಸ್ತ್ರಿಯ ತಲೆ ತಗ್ಗುವುದನ್ನು ಕಣ್ತುಂಬ ನೋಡಬೇಕೆಂದೇ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಕೋಣೆಯ ತುಂಬ ಜನ, ತಲೆಯ ಮೇಲೆ ಫ್ಯಾನಿನ ಸದ್ದು. ಅಧಿಕಾರಿಯ ಮೇಜು ಅವರ ಎಡಕ್ಕಿತ್ತು. ಅಧಿಕಾರಿ ಮೊದಲ ಪ್ರಶ್ನೆ ಕೇಳಿದರು. ಅವರು ಸುಮ್ಮನೆ ನಿಂತಿದ್ದರು. ಮತ್ತೆ ಕೇಳಿದರು. ಆಗಲೂ ಸುಮ್ಮನೆ. ಗುತ್ತಿಗೆದಾರನ ವಕೀಲ ನಗುತ್ತ, ಸಾಕ್ಷಿಗೆ ಮನಸ್ಸು ಬದಲಾದ ಹಾಗಿದೆ ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಅಧಿಕಾರಿಯ ಮುಖ ಗಂಟಿಕ್ಕಿತು.

ನಾನು ಎದ್ದುಬಿಟ್ಟೆ.

"ಅವರಿಗೆ ಎಡಗಿವಿ ಕೇಳಿಸಲ್ಲ. ನೀರಿನ ಒತ್ತಡಕ್ಕೆ ಹೋಗಿದೆ. ಬಲಗಡೆಯಿಂದ ಕೇಳ್ಬೇಕು."

"ನೀವು ಅವರಿಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಸತ್ತವನ ಅಕ್ಕ."

ಅಧಿಕಾರಿ ನನ್ನನ್ನು ನೋಡಿ, ಹಾಗಾದರೆ ನೀವೇ ಆ ಕಡೆ ನಿಂತು ನನ್ನ ಪ್ರಶ್ನೆಗಳನ್ನು ಅವರಿಗೆ ಕೇಳಿಸಿ ಎಂದರು. ಹೋಗಿ ನಿಂತೆ. ಹುಡುಗ ಕುಡಿದಿದ್ದನೇ, ಹಗ್ಗ ಯಾರ ಕೈಯಲ್ಲಿತ್ತು, ಎಲ್ಲಿಗೆ ಹೋಗಿದ್ದಿರಿ. ಒಂದೊಂದನ್ನೂ ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ. ಅವರು ಒಂದೊಂದಕ್ಕೂ ಕೋಣೆಯ ಕೊನೆಯವರೆಗೆ ಕೇಳಿಸುವಂತೆ ಉತ್ತರ ಹೇಳಿದರು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಕೊನೆಗೆ ವಕೀಲ ಎದ್ದು, ಇಷ್ಟು ದಿನ ಬಿಟ್ಟು ಈಗ ಹೇಳುತ್ತಿರುವುದೇಕೆ, ಯಾರಾದರೂ ಹೆದರಿಸಿದರೇ ಎಂದು ಕೇಳಬೇಕು ಎಂದ. ಅದನ್ನೂ ನಾನೇ ದಾಟಿಸಬೇಕಿತ್ತು.

"ಯಾರಾದ್ರೂ ಹೆದರಿಸಿ ನಿಮ್ಮ ಬಾಯಿಂದ ಇದನ್ನ ಹೇಳ್ಸಿದ್ರಾ ಅಂತ ಕೇಳ್ತಿದ್ದಾರೆ."

ಅವರು ತಿರುಗಿ ನನ್ನ ಮುಖ ನೋಡಿದರು. ಹೇಳಿ ಎಂದೆ. ನಿಜವಾಗಿಯೂ ಹೇಳಲಿ ಎಂದೇ ಇತ್ತು ನನ್ನ ಮನಸ್ಸಿನಲ್ಲಿ.

"ಇಲ್ಲ," ಎಂದರು. "ನಾನು ಹೇಳ್ವಾಗ ಗಾಳಿ ಚೆನ್ನಾಗೇ ಬರ್ತಿತ್ತು."

ಯಾವ ಗಾಳಿ ಎಂದು ಅಧಿಕಾರಿ ಕೇಳಿದರು. ಆ ಪ್ರಶ್ನೆಯನ್ನು ನಾನು ಅವರ ಕಿವಿಗೆ ದಾಟಿಸಲಿಲ್ಲ. ಅದಕ್ಕೆ ನಾನೇ ಉತ್ತರ ಕೊಟ್ಟೆ.